ಮನೆಗೊಪ್ಪುವ ಸೋಫಾ

ಬಂದವರಿಗೆ ನೀರು ಕೊಡುವುದಕ್ಕೂ ಮೊದಲು ‘ಕುಳಿತುಕೊಳ್ಳಿ’ ಎನ್ನುವುದು ನಮ್ಮ ಮನೆಗಳ ಸಂಪ್ರದಾಯ. ಹೊಲದಿಂದಾಗಲಿ, ಕಚೇರಿಯಿಂದಾಗಲಿ, ಅಡುಗೆಮನೆಯಿಂದಾಗಲಿ ದಣಿದು ಬಂದ ಜೀವವು ಮೊದಲು ಅರಸುವುದೂ ಕುಳ್ಳಿರುವ ಒಂದು ಎಡೆಯನ್ನೆ. ಆದಕಾರಣ ಮನೆಗೆ ಆಸನವನ್ನು ತರುವಾಗ ಗೃಹಸ್ಥರು ಸ್ವಲ್ಪ ವಿವೇಚನೆ ಮಾಡುವುದು ಉಚಿತವಾದುದು. ಆದರೆ ನಡೆಯುತ್ತಿರುವುದೇನು? ಒಂದು ಸೀರೆಯನ್ನು ಕೊಳ್ಳಬೇಕಾದರೆ ನಾಲ್ಕು ಅಂಗಡಿಗಳನ್ನು ಸುತ್ತಿ, ಸೆರಗನ್ನು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡುವ ನಾವು, ಅದರ ಹಲವು ಪಟ್ಟು ಹಣ ಬೀಳುವ, ಹತ್ತು ಹದಿನೈದು ವರ್ಷ ಕಣ್ಣೆದುರಿಗೇ ಇರತಕ್ಕ ಸೋಫಾವನ್ನು ಫೋನಿನಲ್ಲಿ ಚಿತ್ರ ನೋಡಿ, ಬಣ್ಣ ಮೆಚ್ಚಿ, ಒಂದು ಗಳಿಗೆಯಲ್ಲಿ ಗೊತ್ತುಮಾಡಿಬಿಡುತ್ತೇವೆ. ಆಮೇಲೆ ಪಶ್ಚಾತ್ತಾಪಪಡುವುದಕ್ಕೆ ಮಾತ್ರ ಬೇಕಾದಷ್ಟು ವರ್ಷಗಳಿರುತ್ತವೆ.

ಸೋಫಾ ಎಂಬುದು ನಮ್ಮ ನಾಡಿಗೆ ಸಲ್ಲದ ಪರದೇಶದ ಡೌಲು ಎಂದು ಹೇಳುವವರೂ ಉಂಟು. ಆ ಹೆಸರಿನ ಮೂಲವನ್ನು ನೋಡಿದರೆ ಹಾಗೆ ತೋರುವುದಿಲ್ಲ. ಅದು ಅರಬ್ಬಿಯ ‘ಸುಫ್ಫಾ’ ಎಂಬ ಮಾತಿನಿಂದ ಹುಟ್ಟಿ, ತುರ್ಕರ ಬಾಯಲ್ಲಿ ಪಳಗಿ, ಯೂರೋಪನ್ನು ಸುತ್ತಿಕೊಂಡು ಇಂಗ್ಲಿಷಿನೊಡನೆ ನಮ್ಮಲ್ಲಿಗೆ ಬಂದಿತು. ನೆಲದಿಂದ ಎತ್ತರಿಸಿ, ಮೇಲೆ ಕಂಬಳಿ ಮೆತ್ತೆಗಳನ್ನು ಹಾಸಿದ ಕಟ್ಟೆಗೆ ಆ ಹೆಸರಿತ್ತು. ‘ದಿವಾನ್’ ಎಂಬುದೂ ಹಾಗೆಯೆ. ಪಾರಸಿಯಲ್ಲಿ ಅದು ಲೆಕ್ಕದ ಪುಸ್ತಕಕ್ಕೂ, ಲೆಕ್ಕವನ್ನು ವಿಚಾರಿಸುವ ಸಭೆಗೂ, ಕೊನೆಗೆ ಆ ಸಭೆಯ ಗೋಡೆಯುದ್ದಕ್ಕೂ ಹಾಸಿದ ಆಸನಕ್ಕೂ ಹೆಸರಾಯಿತು. ಮೈಸೂರಿನ ದಿವಾನರ ಪದವಿಗೂ ನಮ್ಮ ನಡುಮನೆಯ ದಿವಾನಿಗೂ ಒಂದೇ ಹೆಸರು ಬಂದುದರ ಗುಟ್ಟು ಇದೇ.

ಎತ್ತರಿಸಿ ಕಟ್ಟಿ ಚಾಪೆ ಹಾಸಿದ ಕಟ್ಟೆಯೆಂದರೆ ನಮ್ಮ ಜಗಲಿಯಲ್ಲದೆ ಮತ್ತೇನು? ಜಗಲಿಯ ಗುಣಗಳನ್ನು ಒಮ್ಮೆ ನೆನೆಯೋಣ. ಬೇಸಗೆಯಲ್ಲಿ ಅದು ತಣ್ಣಗಿರುತ್ತಿತ್ತು, ಎರಚಲಿಗೆ ನೆನೆದರೆ ಒರಸಿದರೆ ಸಾಕಾಗಿತ್ತು, ಮುದುಕರು ಕಾಲು ಮಡಚಿಯೋ ಇಳಿಬಿಟ್ಟೋ ಕುಳ್ಳಿರುತ್ತಿದ್ದರು, ಮಕ್ಕಳು ಹೊರಳಾಡುತ್ತಿದ್ದರು, ಹೆಂಗಸರು ಹೂ ಕಟ್ಟುತ್ತ, ಸೊಪ್ಪು ಬಿಡಿಸುತ್ತ ಮಾತನಾಡುತ್ತಿದ್ದರು. ಇಂದು ಪಟ್ಟಣದ ಮನೆಗಳಲ್ಲಿ ಜಗಲಿಯಿಲ್ಲ. ಅದರ ಕೆಲಸವು ಸೋಫಾದ ಪಾಲಿಗೆ ಬಂದಿದೆ. ಈ ಗುಣಗಳಲ್ಲಿ ಎಷ್ಟನ್ನು ಸೋಫಾ ನಮಗೆ ಉಳಿಸಿಕೊಟ್ಟೀತು ಎಂಬುದೇ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕುಳ್ಳಿರತಕ್ಕವರು ಯಾರು?

ಅನೇಕ ಮನೆಗಳಲ್ಲಿ ಸೋಫಾವನ್ನು ಆರಿಸುವುದು ಎಂದೋ ಒಂದು ದಿನ ಬರುವ ಅತಿಥಿಗಾಗಿ. ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಮಕ್ಕಳಿಗೆ ಹತ್ತಕೂಡದೆಂಬ ಕಟ್ಟಳೆ. ಗೃಹಿಣಿಗೆ ಅದರ ಧೂಳು ಹೊಡೆಯುವ ಕೆಲಸ. ಮನೆಯವರೆಲ್ಲರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೋ ನೆಲದ ಮೇಲೋ ಕುಳಿತು ಕಾಲಕಳೆಯುತ್ತಾರೆ. ಇದು ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತಾಯಿತಷ್ಟೆ.

ಇದಕ್ಕಿಂತಲೂ ಶೋಚನೀಯವಾದುದು ಮತ್ತೊಂದುಂಟು. ಈಗಿನ ಕಾಲಕ್ಕೆ ಮೆಚ್ಚಿಗೆಯಾದ ಸೋಫಾಗಳು ಬಹಳ ತಗ್ಗು, ಬಹಳ ಆಳ, ಬಹಳ ಮೆತ್ತಗೆ. ಎಳೆಯರಿಗೆ ಅದು ಸುಖವೇ ಸರಿ. ಮಂಡಿನೋವಿನ ಅಜ್ಜಿಯೊಬ್ಬರು ಅದರಲ್ಲಿ ಕುಳಿತರೋ, ಹುಗಿದುಹೋದಂತಾಗುತ್ತಾರೆ. ಏಳಬೇಕಾದರೆ ಇಬ್ಬರು ಕೈಹಿಡಿಯಬೇಕು. ನಾಲ್ಕು ಜನರೆದುರಿಗೆ ಹೀಗೆ ಎಬ್ಬಿಸಿಕೊಳ್ಳುವುದು ಯಾರಿಗೆ ತಾನೆ ಹಿತ? ‘ನನಗೆ ಒಳಗೇ ಅನುಕೂಲ, ನೀವು ಕುಳಿತುಕೊಳ್ಳಿ’ ಎಂದು ಅವರು ಮೆಲ್ಲನೆ ತಮ್ಮ ಕೋಣೆಯನ್ನು ಸೇರುತ್ತಾರೆ. ಮನೆಯ ಮಾತು, ನಗು, ಮೊಮ್ಮಕ್ಕಳ ಪಾಠ, ಬಂದುಹೋಗುವ ನಂಟರು ಎಲ್ಲದರಿಂದಲೂ ದೂರವಾಗುತ್ತಾರೆ. ಅವರು ಹೊರಗೆ ಬಾರದಿರುವುದು ವಯಸ್ಸಿನಿಂದ ಎಂದು ಮನೆಯವರು ಭಾವಿಸುತ್ತಾರೆ. ನಿಜವಾಗಿ ನೋಡಿದರೆ, ಅವರನ್ನು ಅಟ್ಟಿದ್ದು ನಾವು ಹಣಕೊಟ್ಟು ತಂದ ಆಸನ!

ಆದುದರಿಂದ ಕೊಳ್ಳುವ ಮೊದಲು ಮನೆಯಲ್ಲಿ ದಿನವೂ ಯಾರು ಯಾರು, ಎಷ್ಟು ಹೊತ್ತು, ಹೇಗೆ ಕುಳ್ಳಿರುತ್ತಾರೆ ಎಂದು ಎಣಿಸಿ ನೋಡಬೇಕು. ಚಕ್ಕಳಮಕ್ಕಳ ಹಾಕಿ ಕುಳ್ಳಿರುವ ಅಭ್ಯಾಸದವರಿದ್ದರೆ, ಊರಿನಿಂದ ಬಂದವರು ರಾತ್ರಿ ಉಳಿಯುವುದುಂಟಾದರೆ, ಕೈಗಳಿಲ್ಲದ ಅಗಲವಾದ ದಿವಾನೊಂದು ಮೇಲು. ಏಳಲು ಕಷ್ಟಪಡುವ ಹಿರಿಯರಿದ್ದರೆ ಬಿಗಿಯಾದ ಮೆತ್ತೆಯ, ಎತ್ತರದ, ಗಟ್ಟಿಯಾದ ಕೈಗಳುಳ್ಳ ಒಂದು ಒಂಟಿ ಕುರ್ಚಿಯನ್ನು ಅದರೊಡನೆ ಇಡತಕ್ಕದ್ದು. ಆ ಕೈಗಳನ್ನು ಊರಿಕೊಂಡು ಅವರು ತಾವಾಗಿಯೆ ಎದ್ದರೆ, ಅದರ ಬೆಲೆ ಬಂದಂತಾಯಿತು.

ಅಳತೆ

ಆಸನದ ಎತ್ತರಕ್ಕೆ ಒಂದು ಸುಲಭವಾದ ನಿಯಮವಿದೆ. ಕುಳಿತಾಗ ಅಂಗಾಲು ಪೂರ್ತಿಯಾಗಿ ನೆಲವನ್ನು ಮುಟ್ಟಬೇಕು, ತೊಡೆಯು ನೆಲಕ್ಕೆ ಸಮನಾಗಿರಬೇಕು. ಸಾಮಾನ್ಯವಾಗಿ 16ರಿಂದ 18 ಅಂಗುಲ ಇದಕ್ಕೆ ಸಾಕು. ಮಂಡಿನೋವಿನವರಿಗೆ ಒಂದೆರಡು ಅಂಗುಲ ಹೆಚ್ಚಿರುವುದು ಲೇಸು. ಮೆತ್ತೆಯು ಕುಳಿತಾಗ ತಗ್ಗುವುದರಿಂದ, ಕುಳಿತ ಮೇಲಿನ ಎತ್ತರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆನ್ನು ಒರಗಿಗೆ ತಗಲಿದಾಗ ಆಸನದ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಎಡೆಯಿದ್ದರೆ ಆಳವು ಸರಿಯಾಗಿದೆಯೆಂದು ತಿಳಿಯಬಹುದು. ಹೀಗಿಲ್ಲದೆ ಕಾಲು ತೂಗಾಡಿದರೆ, ಇಲ್ಲವೆ ಬೆನ್ನಿಗೆ ದಿಂಬುಗಳನ್ನು ತುಂಬಬೇಕಾದರೆ, ಅದು ಎಷ್ಟೇ ಅಂದವಾಗಿದ್ದರೂ ನಿಮಗೆ ಸಲ್ಲದು.

ಇನ್ನು ಮನೆಯ ಅಳತೆ. ಮೂವರು ಕುಳ್ಳಿರುವ ಸೋಫಾ ಆರರಿಂದ ಏಳು ಅಡಿ ಉದ್ದವಿರುವುದು ವಾಡಿಕೆ. ಅದನ್ನು ಇಡುವ ಜಾಗದಲ್ಲಿ ಅದೇ ಅಳತೆಗೆ ಹಳೆಯ ವೃತ್ತಪತ್ರಿಕೆಗಳನ್ನು ನೆಲಕ್ಕೆ ಹಾಸಿ, ಎರಡು ದಿನ ಮನೆಯವರು ಅದನ್ನು ಸುತ್ತಿಕೊಂಡು ಓಡಾಡಿ ನೋಡಲಿ. ನಡೆದಾಡುವ ದಾರಿಗೆ ಎರಡೂವರೆ ಅಡಿಯಾದರೂ ಉಳಿಯಬೇಕು. ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು ಇವುಗಳನ್ನೂ ಅಳೆಯದೆ ಹಣ ಕೊಡಬಾರದು. ಹಳೆಯ ಮನೆಗಳ ಬಾಗಿಲು ಕಿರಿದು. ಅಂಥ ಕಡೆ ಬಿಡಿಬಿಡಿಯಾಗಿ ತಂದು ಒಳಗೆ ಜೋಡಿಸತಕ್ಕ ಸೋಫಾವೇ ಗತಿ. ಸೋಫಾದ ಕೆಳಗೆ ಕಸಪೊರಕೆ ಹೋಗುವಷ್ಟು, ಎಂದರೆ ಐದಾರು ಅಂಗುಲ, ಎಡೆಯಿರುವುದು ಅಗತ್ಯ. ದಿನವೂ ಗುಡಿಸುವವರ ಬೆನ್ನಿನ ಮೇಲೆ ಕರುಣೆಯಿದ್ದವರು ಇದನ್ನು ಮರೆಯಲಾರರು.

ಹವೆಗೆ ತಕ್ಕಂತೆ

ಕನ್ನಡನಾಡು ಒಂದೇ ಆದರೂ ಅದರ ಹವೆ ಒಂದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಳ್ಳಾರಿ ವಿಜಯಪುರಗಳ ಕಡೆ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಎರಡು ಕಡೆಗೂ ಒಂದೇ ಸೋಫಾ ಒಪ್ಪುವುದೆಂತು?

ಕರಾವಳಿ ಮತ್ತು ಮಲೆನಾಡುಗಳಲ್ಲಿ ಶತ್ರುವೆಂದರೆ ತೇವ. ಮಳೆಗಾಲದಲ್ಲಿ ಗಾಳಿಯೇ ನೀರಿನಂತಿರುತ್ತದೆ. ಬೂಷ್ಟು ಹಿಡಿಯುವುದಕ್ಕೆ ಅಷ್ಟು ಸಾಕು. ಅಲ್ಲಿ ನಿಜವಾದ ಚರ್ಮದ ಹೊದಿಕೆ ಬಿಳಿಯ ಬೂಷ್ಟಿನಿಂದ ಮುಚ್ಚಿಹೋಗುತ್ತದೆ. ಚರ್ಮದಂತೆ ತೋರುವ ಅಗ್ಗದ ಕೃತಕ ಹೊದಿಕೆ ತೇವಕ್ಕೆ ಸಡಿಲಿ, ಕೆಲವು ವರ್ಷಗಳಲ್ಲಿ ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ನಾಲ್ಕು ಕಡೆಯೂ ಬಟ್ಟೆಯಿಂದ ಮುಚ್ಚಿದ ದಪ್ಪ ಸೋಫಾದ ಹೊಟ್ಟೆಯಲ್ಲಿ ತೇವವು ಮನೆಮಾಡುವುದಲ್ಲದೆ ಇಲಿಗೂ ಆಶ್ರಯ ದೊರೆಯುತ್ತದೆ. ಅಲ್ಲಿಗೆ ತಕ್ಕದ್ದು ಮರದ ಪಟ್ಟಿಗಳದೋ, ಬೆತ್ತ ಹೆಣೆದುದೋ ಆದ ತೆರೆದ ಸೋಫಾ. ಮೇಲೆ ಬಿಡಿಬಿಡಿಯಾದ ಮೆತ್ತೆಗಳು. ಮಳೆ ಹೊಳವಾದಾಗ ಮೆತ್ತೆಗಳನ್ನು ಬಿಸಿಲಿಗೆ ಇಡಬಹುದು. ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳು ಎಡೆಬಿಟ್ಟರೆ ಹಿಂದೆ ಗಾಳಿಯಾಡುತ್ತದೆ.

ಬಯಲುಸೀಮೆಯಲ್ಲಿ ತೊಂದರೆ ಬೇರೆ. ಕಲಬುರಗಿ ರಾಯಚೂರುಗಳಲ್ಲಿ ಬೇಸಗೆಯ ತಾಪ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ರೆಕ್ಸಿನ್ನಿನ ಮೇಲೆ ಕುಳಿತರೆ ಬೆವರಿಗೆ ಮೈ ಅಂಟಿಕೊಳ್ಳುತ್ತದೆ. ದಪ್ಪನೆಯ ಫೋಮು ಮೈಯ ಕಾವನ್ನು ಮೈಗೇ ಹಿಂದಿರುಗಿಸುತ್ತದೆ. ಮಖಮಲ್ಲು ಧೂಳನ್ನು ಹೀರಿಕೊಂಡು ಕುಳ್ಳಿರುತ್ತದೆ. ಒಣಹವೆಯಲ್ಲಿ ಸರಿಯಾಗಿ ಒಣಗಿಸದ ಮರವು ಬಿರಿದು ಬೆಸುಗೆಗಳು ಸಡಿಲುತ್ತವೆ. ಅಲ್ಲಿನ ಪಡಸಾಲೆಗೆ ಮರದ ಅಗಲವಾದ ಬೆಂಚು ಅಥವಾ ದಿವಾನು, ತೆಳುವಾದ ಹತ್ತಿಯ ಹಾಸು, ಮೇಲೆ ನವಲಗುಂದದ ಒಂದು ಜಮಖಾನ ಇದ್ದರೆ ಕಣ್ಣಿಗೂ ತಂಪು, ಮೈಗೂ ತಂಪು. ಕೊಡವಿ ಹಾಕಿದರೆ ಧೂಳು ಹೋಯಿತು.

ಬೆಂಗಳೂರು ಮೈಸೂರುಗಳ ಸಮಶೀತೋಷ್ಣ ಹವೆಗೆ ಬಹುಮಟ್ಟಿಗೆ ಎಲ್ಲವೂ ಒಗ್ಗುತ್ತವೆ. ಅಲ್ಲಿ ಸಾಲದಿರುವುದು ಸ್ಥಳ. ಇಬ್ಬರ ಸೋಫಾ ಒಂದು, ಬೇಕಾದೆಡೆಗೆ ಸರಿಸಬಹುದಾದ ಮೋಡಾಗಳೆರಡು ಇದ್ದರೆ ಸಣ್ಣ ಮನೆಗೆ ಸಾಕು. ಎಲ್ಲಿಯೇ ಆಗಲಿ, ಪಶ್ಚಿಮದ ಕಿಟಕಿಯ ಬಿಸಿಲು ನೇರವಾಗಿ ಬೀಳುವೆಡೆ ಇಟ್ಟರೆ ಬಟ್ಟೆಯ ಬಣ್ಣ ಮಾಸುವುದು ನಿಶ್ಚಯ.

ಮರ ಮತ್ತು ಮೆತ್ತೆ

ಸೋಫಾದ ಆಯುಸ್ಸು ಇರುವುದು ಕಣ್ಣಿಗೆ ಕಾಣದ ಚೌಕಟ್ಟಿನಲ್ಲಿ. ತೇಗದ ಚೇಗಿನಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹಲಸು, ಹೊನ್ನೆ, ಬೇವು ಇವೂ ಬಾಳುವ ಮರಗಳೆ. ಹಲಸಂತೂ ಹೊಸದರಲ್ಲಿ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದಿ ಸೊಗಸಾಗುತ್ತದೆ. ಆದರೆ ಯಾವ ಮರವಾದರೂ ಹೊರಗಣ ಬಿಳಿಯ ಭಾಗಕ್ಕೆ ಹುಳು ಬೀಳುವುದರಿಂದ ನಡುವಣ ಚೇಗನ್ನೇ ಕೇಳಬೇಕು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗೆ ನೀರು ತಗಲಿದರೆ ಉಬ್ಬಿ ಒಡೆಯುತ್ತದೆ. ನೆಲವನ್ನು ನೀರಿನಿಂದ ಸಾರಿಸುವ ನಮ್ಮ ಮನೆಗಳಿಗೆ ಅದು ತಕ್ಕುದಲ್ಲ. ಚೌಕಟ್ಟಿನ ಗಟ್ಟಿತನವನ್ನು ಪರೀಕ್ಷಿಸಲು ಒಂದು ಉಪಾಯವುಂಟು. ಸೋಫಾದ ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿನೋಡಿ. ಮುಂದಿನ ಇನ್ನೊಂದು ಕಾಲೂ ಕೂಡಲೆ ಮೇಲೆದ್ದರೆ ಚೌಕಟ್ಟು ಬಿಗಿಯಾಗಿದೆ. ಅದು ನೆಲದಲ್ಲಿಯೆ ನಿಂತು ಮೈ ತಿರುಚಿದರೆ ಕೊಳ್ಳಬೇಡಿ.

ಮೆತ್ತೆಯ ವಿಚಾರ. ಇಂದು ಎಲ್ಲೆಲ್ಲಿಯೂ ಕಾಣುವ ಫೋಮು 1937ರಲ್ಲಿ ಜರ್ಮನಿಯ ಆಟೊ ಬೇಯರ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದ ಪಾಲಿಯುರೆಥೇನಿನಿಂದ ಆಗತಕ್ಕುದು. ಅದರಲ್ಲಿ ತರತಮಗಳಿವೆ. ಒಂದು ಘನ ಮೀಟರಿಗೆ ಎಷ್ಟು ಕಿಲೋಗ್ರಾಮು ತೂಗುತ್ತದೆಂಬುದೇ ಅದರ ಸಾಂದ್ರತೆ. ಕುಳ್ಳಿರುವ ಭಾಗಕ್ಕೆ 32ರಿಂದ 40ರವರೆಗೆ ಇರುವುದನ್ನು ಕೇಳಿ ತೆಗೆದುಕೊಳ್ಳಬೇಕು. ಹಗುರವಾದುದು ಅಂಗಡಿಯಲ್ಲಿ ಹೂವಿನಂತಿದ್ದು ಮನೆಯಲ್ಲಿ ಬೇಗನೆ ಹಳ್ಳಬೀಳುತ್ತದೆ. ರಬ್ಬರು ಬೆರೆಸಿದ ತೆಂಗಿನ ನಾರಿನ ಮೆತ್ತೆಯಲ್ಲಿ ಗಾಳಿಯಾಡುತ್ತದೆ, ಬೇಗ ತಗ್ಗುವುದಿಲ್ಲ. ಹತ್ತಿಯು ಗಂಟುಗಟ್ಟುವುದು ನಿಜ. ಆದರೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಿದರೆ ಹೊಸದಾಗುತ್ತದೆ. ಫೋಮಿಗೆ ಆ ಪುನರ್ಜನ್ಮವಿಲ್ಲ.

ಹೊದಿಕೆಯು ಬಿಚ್ಚಿ ಒಗೆಯುವಂತಿರಲಿ. ಕೈಮಗ್ಗದ ದಪ್ಪ ಹತ್ತಿಬಟ್ಟೆ ನಮ್ಮ ಹವೆಗೆ ಅತ್ಯುತ್ತಮ. ಅದು ಕುಗ್ಗುವುದರಿಂದ ಹೊಲಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸಬೇಕು. ಮಕ್ಕಳಿರುವ ಮನೆಗೆ ಬಿಳಿಯ ಬಣ್ಣವೆಂದರೆ ತಾಯಿಗೆ ದಿನವೂ ಶಿಕ್ಷೆ. ಹಾಲು ಚೆಲ್ಲಿದರೆ ಮಗುವನ್ನು ಹೊಡೆಯಬೇಕಾಗಿ ಬರುವ ಹೊದಿಕೆಗಿಂತ, ಬಿಚ್ಚಿ ನೀರಿಗೆ ಹಾಕಬಹುದಾದ ಹೊದಿಕೆ ಸಾವಿರಪಾಲು ಮೇಲು.

ಎರಡು ಎಚ್ಚರಿಕೆಗಳು

ಫೋಮಿಗೆ ಬೆಂಕಿ ತಗಲಿದರೆ ಅತಿ ಬೇಗ ಉರಿಯುವುದಲ್ಲದೆ, ಅದರ ಹೊಗೆಯಲ್ಲಿ ಪ್ರಾಣಾಂತಕವಾದ ವಿಷಾನಿಲಗಳಿರುತ್ತವೆ. ದೀಪ, ಊದುಬತ್ತಿ, ಸೊಳ್ಳೆಬತ್ತಿಗಳನ್ನು ಸೋಫಾದ ಬಳಿ ಇಡಲೇಕೂಡದು. ಅದರ ಮೇಲೆ ಕುಳಿತು ಬೀಡಿ ಸಿಗರೇಟು ಸೇದುವುದೂ ಕೂಡದು. ಎರಡನೆಯದಾಗಿ, ಎಳೆಗೂಸನ್ನು ಸೋಫಾದ ಮೇಲೆ ಮಲಗಿಸಿ ಹೋಗಬಾರದು. ಮಗುವನ್ನು ಎದೆಗವಚಿಕೊಂಡು ಅಲ್ಲಿಯೆ ನಿದ್ದೆಹೋಗಲೂಬಾರದು. ಮೆತ್ತನೆಯ ಸಂದಿಯಲ್ಲಿ ಮೂಗುಬಾಯಿ ಮುಚ್ಚಿ ಉಸಿರು ಕಟ್ಟುವ ಅಪಾಯವುಂಟು. ತೊಟ್ಟಿಲು, ಇಲ್ಲವೆ ಗಟ್ಟಿಯಾದ ಸಮನಾದ ಹಾಸಿಗೆಯೇ ಕೂಸಿಗೆ ಕ್ಷೇಮ.

ಕೊನೆಯದಾಗಿ ಹಣದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಸೋಫಾಕ್ಕೂ ಸಲ್ಲುತ್ತದೆ. ಕಂತಿನಲ್ಲಿ ತಂದ ಭಾರಿಯ ಸೋಫಾದ ಮೇಲೆ ಕುಳಿತು ಕಂತಿನ ಚಿಂತೆಮಾಡುವುದರಲ್ಲಿ ಸುಖವೇನಿದೆ? ಮನೆಯಲ್ಲಿ ಹಿರಿಯರ ಕಾಲದ ಗಟ್ಟಿಯಾದ ಬೆಂಚೋ ಮಂಚವೋ ಇದ್ದರೆ, ಊರಿನ ಬಡಗಿಯಿಂದ ಬಿಗಿಮಾಡಿಸಿ, ಹೊಸ ಮೆತ್ತೆ ಹೊಲಿಸಿ ನೋಡಿ. ಹಲವರಿಗೆ ಅದೇ ಸಾಕಾದೀತು. ಕೊಳ್ಳಲೇಬೇಕಾದವರು ಅಂಗಡಿಗೆ ಒಬ್ಬರೇ ಹೋಗದೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಕಾಲುಗಂಟೆ ಎಲ್ಲರೂ ಅದರ ಮೇಲೆ ಕುಳಿತು ಮಾತನಾಡಲಿ; ವ್ಯಾಪಾರಿಯು ಬೇಸರಪಟ್ಟರೂ ಚಿಂತೆಯಿಲ್ಲ. ಅಜ್ಜಿಯು ಯಾರ ಕೈಯನ್ನೂ ಹಿಡಿಯದೆ ಎದ್ದುನಿಂತ ಮೇಲೆ ಬಣ್ಣದ ವಿಚಾರಕ್ಕೆ ಬರಬಹುದು.