ಮೂತ್ರದ ಬಣ್ಣ ಏನು ಹೇಳುತ್ತದೆ?

ಮಕ್ಕಳೇ, ನೀರು ಕಡಿಮೆ ಕುಡಿದ ದಿನ ಮೂತ್ರ ಕಡು ಹಳದಿಯಾಗಿರುವುದನ್ನು ಗಮನಿಸಿದ್ದೀರಾ? ಕಾರಣವೇನು?

ದೊಡ್ಡವರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬಹುಪಾಲು ರಕ್ತಕ್ಕೇ ಮರಳುತ್ತದೆ. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನಷ್ಟು ಮಾತ್ರ. ದೇಹದಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡಗಳು ಇನ್ನಷ್ಟು ನೀರನ್ನು ಉಳಿಸಿಕೊಳ್ಳುತ್ತವೆ. ಆದರೆ ಯೂರಿಯಾದಂತಹ ಕಶ್ಮಲಗಳೂ ಹಳದಿ ವರ್ಣಕವೂ ಹೊರಹೋಗಲೇಬೇಕು. ನೀರು ಕಡಿಮೆ ಹಾಕಿದ ಬೆಲ್ಲದ ಪಾನಕದಂತೆ ಮೂತ್ರದ ಬಣ್ಣವೂ ಗಾಢವಾಗುತ್ತದೆ.

ಶೌಚಾಲಯಕ್ಕೆ ಹೋಗಬೇಕಾದೀತೆಂದು ಶಾಲೆಯಲ್ಲಿ ನೀರು ಕುಡಿಯದೆ ಇರಬೇಡಿ. ತಲೆನೋವು, ಸುಸ್ತು, ಉರಿಮೂತ್ರ ಬರಬಹುದು. ಶೌಚಾಲಯ ಸರಿಯಿಲ್ಲದಿದ್ದರೆ ಶಿಕ್ಷಕರಿಗೆ ತಿಳಿಸಿ.

ಮೂತ್ರ ತಿಳಿ ಹಳದಿಯಾಗಿದ್ದರೆ ಸಾಮಾನ್ಯವಾಗಿ ನೀರು ಸಾಕಷ್ಟಿದೆ ಎಂದರ್ಥ. ಚೆನ್ನಾಗಿ ನೀರು ಕುಡಿದರೂ ಬಣ್ಣ ಗಾಢವಾಗಿಯೇ ಇದ್ದರೆ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ.