ಗಾಲಿ ಮೇಲಿನ ಮನೆಗೆ ಊರೂರಲ್ಲಿ ಬಿಡದಿ

ಪ್ರವಾಸ ಅಂದ ಕೂಡಲೇ ಹೆಂಗಸರ ತಲೆಗೆ ಮೊದಲು ಬರುವ ಪ್ರಶ್ನೆ ಎರಡೇ. ಉಳಿಯುವುದೆಲ್ಲಿ? ಊಟಕ್ಕೇನು? ಹಿಂದೆ ಯಾತ್ರೆಗೆ ಹೊರಟರೆ ದಾರಿಯಲ್ಲಿ ಛತ್ರವಿರುತ್ತಿತ್ತು, ಇಲ್ಲದಿದ್ದರೆ ಗುರುತಿನವರ ಮನೆಯ ಜಗುಲಿ. ಚಾಪೆ, ಹೊದಿಕೆ, ಒಂದು ಡಬ್ಬಿ ಪುಳಿಯೋಗರೆ ಕಟ್ಟಿಕೊಂಡರೆ ಮುಗಿಯಿತು. ಈಗ ಲಾಡ್ಜಿನ ಬಾಡಿಗೆ ಕೇಳಿಯೇ "ಮುಂದಿನ ವರ್ಷ ನೋಡೋಣ" ಅನ್ನುವ ಹಾಗಾಗಿದೆ. ಆಸ್ಟ್ರೇಲಿಯಾದವರು ಈ ಎರಡು ಪ್ರಶ್ನೆಗೂ ಒಂದೇ ಉತ್ತರ ಹುಡುಕಿಕೊಂಡಿದ್ದಾರೆ. ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಡುವುದು!

ಕ್ಯಾರವಾನ್ ಎಂಬ ಈ ಗಾಲಿ ಮನೆಯಲ್ಲಿ ತಂಗಿಯ ಸಂಸಾರದ ಜೊತೆ 2023ರ ಏಪ್ರಿಲಿನಲ್ಲಿ ಒಂಬತ್ತು ದಿನ ಸುತ್ತಿ ಬಂದೆ. ತಂಗಿ ಇರುವುದು ಮೆಲ್ಬರ್ನಿನಲ್ಲಿ. ಗಾಡಿ ಅವಳ ಯಜಮಾನರ ಸ್ನೇಹಿತರದು. ಸಿಡ್ನಿಯ ಸೇತುವೆ, ಕಾಂಗರೂ ಇವನ್ನೆಲ್ಲ ನೀವು ಚಿತ್ರಗಳಲ್ಲಿ ನೋಡಿಯೇ ಇರುತ್ತೀರಿ. ನಾನು ಬರೆಯಹೊರಟಿರುವುದು ಬೇರೆ. ಅಲ್ಲಿನ ಸಣ್ಣಪುಟ್ಟ ಊರುಗಳು ದಾರಿಹೋಕರಿಗೆ ಬಿಟ್ಟಿಯಾಗಿ, ಇಲ್ಲವೇ ಪುಡಿಗಾಸಿಗೆ, ರಾತ್ರಿ ತಂಗಲು ಜಾಗ ಬಿಟ್ಟುಕೊಡುತ್ತವೆ. ಅದು ಹೇಗೆ ನಡೆಯುತ್ತದೆ, ಅದನ್ನು ನಡೆಸುವವರು ಯಾರು ಅನ್ನುವುದೇ ನನಗೆ ಸ್ವಾರಸ್ಯವಾಗಿ ಕಂಡಿತು.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ದೇವರ ಮನೆಯಷ್ಟು ಜಾಗದಲ್ಲಿ ಗ್ಯಾಸ್ ಒಲೆ, ಸಿಂಕು, ಪುಟ್ಟ ಫ್ರಿಜ್ಜು. ಊಟದ ಮೇಜನ್ನು ಕೆಳಗಿಳಿಸಿದರೆ ಅದೇ ಮಂಚ. ಸಿಲಿಂಡರು ಹೊರಗಡೆ ಮುಂಭಾಗದಲ್ಲಿ; ಗಾಡಿ ಹೊರಡುವ ಮೊದಲು ಅದನ್ನು ಮರೆಯದೆ ಬಂದ್ ಮಾಡಬೇಕು. ಚಾವಣಿಯ ಮೇಲೆ ಸೋಲಾರು, ಅದರಿಂದ ಬ್ಯಾಟರಿ, ಬ್ಯಾಟರಿಯಿಂದ ದೀಪ. ನೀರಿನ ಟ್ಯಾಂಕು ಗಾಡಿಯ ಹೊಟ್ಟೆಯಡಿ. ಒಂದೊಂದು 80-90 ಲೀಟರ್ ಹಿಡಿಯುತ್ತದೆ. ಎರಡು ಟ್ಯಾಂಕಿನಲ್ಲಿ ನಾಲ್ಕು ಜನ ಮೂರು ದಿನ ಕಳೆಯಬೇಕೆಂದರೆ, ಬೋರಿನ ಮೋಟಾರು ಕೆಟ್ಟ ವಾರದಲ್ಲಿ ನಾವು ಹೇಗಿರುತ್ತೇವೋ ಹಾಗೇ ಇರಬೇಕು. ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆ ಗಲಬರಿಸುವುದು, ಎಣ್ಣೆ ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿಬಿಡುವುದು ಇವೆಲ್ಲ ಯಾರೂ ಹೇಳಿಕೊಡದೆ ನಮಗೆ ಬರುತ್ತವಲ್ಲ! ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಒಂದೇ ಕೂಗಿಗೆ ಊಟಕ್ಕಾಯಿತು. ರವೆ ಹುರಿದು, ಪುಳಿಯೋಗರೆ ಗೊಜ್ಜು ಕಾಸಿ ಹೊರಡುವ ಹಿಂದಿನ ದಿನವೇ ಡಬ್ಬಿಗೆ ತುಂಬಿಕೊಂಡಿದ್ದೆವು.

ಇಂಥ ತಂಗುದಾಣಗಳು ಏಕೆ ಬೇಕಾದವು ಅನ್ನುವುದಕ್ಕೆ ಆ ದೇಶದ ಅಳತೆ ತಿಳಿದಿರಬೇಕು. ವಿಸ್ತೀರ್ಣದಲ್ಲಿ ಅದು ಭಾರತದ ಎರಡರಷ್ಟಕ್ಕೂ ಹೆಚ್ಚು. ಜನ ಮಾತ್ರ 2.7 ಕೋಟಿ, ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಅವರೂ ಬಹುಪಾಲು ಕಡಲತಡಿಯ ದೊಡ್ಡ ಊರುಗಳಲ್ಲೇ ಇದ್ದಾರೆ. ಒಳನಾಡಿನಲ್ಲಿ ಗಂಟೆಗಟ್ಟಲೆ ಹೋದರೂ ಒಂದು ಅಂಗಡಿ ಸಿಕ್ಕುವುದಿಲ್ಲ. ನಲ್ಲಾರ್ಬರ್ ಎಂಬ ಬಯಲನ್ನು ದಾಟುವ ಐರ್ ಹೆದ್ದಾರಿ 1,600 ಕಿ.ಮೀ.ಗೂ ಉದ್ದ, ಅದರಲ್ಲಿ 146 ಕಿ.ಮೀ. ರಸ್ತೆಗೆ ಒಂದು ತಿರುವೂ ಇಲ್ಲವಂತೆ. ನಿದ್ದೆ ಬಾರದೆ ಇರುತ್ತದೆಯೇ? ಎದುರಿಗೆ ಬರುವುದು ಮೂರು-ನಾಲ್ಕು ಟ್ರೈಲರ್ ಎಳೆದುಕೊಂಡು ಬರುವ ಲಾರಿಗಳು. ಉದ್ದ 53 ಮೀಟರಿನವರೆಗೂ ಇರುತ್ತದೆ. ಮುಸ್ಸಂಜೆಯಾದರೆ ಕಾಂಗರೂಗಳು ರಸ್ತೆಗೆ ಹಾರುತ್ತವೆ. ಹಾಗಾಗಿ ದಣಿದವರು ಮಲಗಿ ಎದ್ದು ಹೋಗಲಿ ಅಂತ ಹೆದ್ದಾರಿ ಪಕ್ಕದಲ್ಲಿ ಸರ್ಕಾರವೇ ಜಾಗ ಮಾಡಿದೆ. ಒಂದು ಮೇಜು, ಬೆಂಚು, ನೆರಳು, ಕೆಲವು ಕಡೆ ಪಾಯಿಖಾನೆ. ಬಾಡಿಗೆ ಇಲ್ಲ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ 20 ಗಂಟೆ, ಪಶ್ಚಿಮ ಆಸ್ಟ್ರೇಲಿಯಾದ ಕೆಲವೆಡೆ 24 ಗಂಟೆ ಇರಬಹುದು. ಒಂದೊಂದು ರಾಜ್ಯದ ನಿಯಮ ಒಂದೊಂದು. ಬೋರ್ಡು ಓದಿಯೇ ಗಾಡಿ ನಿಲ್ಲಿಸಬೇಕು. ಶಾಲೆಗಳಿಗೆ ರಜೆ ಬಂದಾಗ ಕೆಲವು ಕಡೆ ಊರಿನ ಸೇವಾಸಂಸ್ಥೆಯವರು ಕೂತು ವಾಹನದವರಿಗೆಲ್ಲ ಬಿಟ್ಟಿ ಟೀ, ಬಿಸ್ಕತ್ತು ಕೊಡುತ್ತಾರೆ. 'ಡ್ರೈವರ್ ರಿವೈವರ್' ಅಂತ ಹೆಸರು. ನೋಡಿದರೆ ನಮ್ಮ ರಾಮನವಮಿಯ ಅರವಟ್ಟಿಗೆಯೇ, ಪಾನಕದ ಬದಲು ಟೀ ಅಷ್ಟೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಊರಿನವರೇ ಮಾಡಿಟ್ಟಿರುವ ಜಾಗಗಳು. ದನಕುರಿಗಳ ಜಾತ್ರೆ ನಡೆಯುವ ಷೋ ಮೈದಾನ, ಕುದುರೆ ಪಂದ್ಯದ ಬಯಲು, ಕೆರೆಯ ದಂಡೆ, ಹೋಟೆಲಿನ ಹಿತ್ತಲು. ಕೆಲವು ಕಡೆ ಬಿಟ್ಟಿ, ಕೆಲವು ಕಡೆ ಹತ್ತರಿಂದ ಇಪ್ಪತ್ತೈದು ಡಾಲರ್. ಖಾಸಗಿ ಕ್ಯಾರವಾನ್ ಪಾರ್ಕಿನಲ್ಲಾದರೆ ಒಂದು ರಾತ್ರಿಗೆ 40-50 ಡಾಲರ್, ಅಂದರೆ ನಮ್ಮ ಎರಡು-ಮೂರು ಸಾವಿರ ರೂಪಾಯಿ. ರಜೆಯಲ್ಲಿ ಕಡಲತೀರದಲ್ಲಿ ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ತಿರುಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ದುಡ್ಡು ವಸೂಲಿಗೆ ಎಷ್ಟೋ ಕಡೆ ಆಳೇ ಇರುವುದಿಲ್ಲ. ಕಂಬಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಲಕೋಟೆ. ನೀವೇ ಹಣ ಹಾಕಿ, ಗಾಡಿಯ ನಂಬರು ಬರೆದು, ತೂರಿಸಿ ಹೋಗಬೇಕು. ಹಾಕದೆ ಹೋಗುವವರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೂ ಪೆಟ್ಟಿಗೆ ಅಲ್ಲೇ ಇದೆ.

ನಾವು ಹೋದದ್ದು ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆಯ ಗೋಧಿ ಸೀಮೆಗೆ. ಮೆಲ್ಬರ್ನಿನಿಂದ ಬಲ್ಲರಾಟ್, ಹಾರ್ಷಮ್ ದಾಟಿ ಸುಮಾರು 350 ಕಿ.ಮೀ. ಹೋದರೆ ಬ್ರಿಮ್ ಎಂಬ ಪುಟ್ಟ ಹಳ್ಳಿ. ಸುತ್ತ ಗೋಧಿ, ಬಾರ್ಲಿ, ಮಸೂರ್ ಬೇಳೆ, ಕಡಲೆಯ ಹೊಲಗಳು. ಈ ಸೀಮೆಯ ಮಸೂರ್ ನಮ್ಮ ಭಾರತಕ್ಕೂ ಹಡಗಿನಲ್ಲಿ ಬರುತ್ತದೆ ಅಂತ ತಿಳಿದಾಗ ನನಗೆ ಆ ಹೊಲಗಳ ಮೇಲೆ ಏನೋ ಒಂದು ನೆಂಟಸ್ತಿಕೆ ಹುಟ್ಟಿತು. ದೊಡ್ಡ ಯಂತ್ರಗಳು ಬಂದ ಮೇಲೆ ಹೊಲಕ್ಕೆ ಜನ ಬೇಡ, ಜನವಿಲ್ಲದ ಮೇಲೆ ಶಾಲೆ ಬೇಡ, ಅಂಗಡಿ ಬೇಡ. ಹೀಗೆ ಬರಿದಾಗುತ್ತಿದ್ದ ಊರಿನಲ್ಲಿ ಉಪಯೋಗವಿಲ್ಲದೆ ನಿಂತಿದ್ದ ಎತ್ತರದ ಧಾನ್ಯದ ಕಣಜಗಳ ಮೇಲೆ ಗೈಡೊ ವಾನ್ ಹೆಲ್ಟನ್ ಎಂಬ ಕಲಾವಿದರು ನಾಲ್ವರು ರೈತರ ಚಿತ್ರ ಬರೆದರು. 2016ರ ಆರಂಭದಲ್ಲಿ ಅದು ಮುಗಿಯಿತು. ಮೂವರು ಗಂಡಸರು, ಒಬ್ಬ ಹೆಂಗಸು. ಬಿಸಿಲಲ್ಲಿ ಬೆಂದ ಮುಖಗಳು, ಹತ್ತಾರು ಮೈಲಿಯಿಂದ ಕಾಣುವಂಥವಲ್ಲ, ಆದರೆ ಹತ್ತಿರ ಹೋಗಿ ಕತ್ತೆತ್ತಿದರೆ ಮಾತು ಬಾರದು. ನೋಡಲು ಜನ ಬರತೊಡಗಿದರು. ಸುತ್ತಲ ಊರುಗಳೂ ತಮ್ಮ ಕಣಜಗಳಿಗೆ ಚಿತ್ರ ಬರೆಸಿಕೊಂಡವು.

ಚಿತ್ರ ನೋಡಿ ಅರ್ಧ ಗಂಟೆಯಲ್ಲಿ ಹೊರಟುಹೋದರೆ ಊರಿಗೇನು ಬಂತು? ಇರುವ ಗುಟ್ಟು ಇಲ್ಲೇ. ಬ್ರಿಮ್‌ನಲ್ಲಿ ಹಳ್ಳದ ದಂಡೆಯಲ್ಲಿ, ಇನ್ನೂ ಮುಂದೆ ಹೋಪ್‌ಟೌನ್‌ನಲ್ಲಿ ಲ್ಯಾಸೆಲ್ಸ್ ಕೆರೆಯ ಏರಿಯ ಸುತ್ತ ಅಗ್ಗದಲ್ಲಿ ತಂಗಲು ಜಾಗವಿದೆ. ರಾತ್ರಿ ಉಳಿದವರು ಬೆಳಿಗ್ಗೆ ಬ್ರೆಡ್ಡು, ಹಾಲು ಕೊಳ್ಳುತ್ತಾರೆ, ಪೆಟ್ರೋಲು ಹಾಕಿಸುತ್ತಾರೆ, ಔಷಧಿ ಅಂಗಡಿಗೆ ಹೋಗುತ್ತಾರೆ. ಜಾಗದ ಬಾಡಿಗೆ ಬಿಟ್ಟು ವ್ಯಾಪಾರದಲ್ಲಿ ತಿರುಗಿ ಪಡೆಯುವ ಲೆಕ್ಕ. ಧರ್ಮವೂ ಹೌದು, ಜಾಣತನವೂ ಹೌದು. ಗಾಲಿಮನೆಯವರ ದೊಡ್ಡ ಸಂಘವೊಂದು, ಕ್ಯಾಂಪರ್‌ವ್ಯಾನ್ ಅಂಡ್ ಮೋಟರ್‌ಹೋಮ್ ಕ್ಲಬ್, ಹೀಗೆ ಕುಡಿಯುವ ನೀರು, ತಂಗುವ ಜಾಗ, ಮಲದ ತೊಟ್ಟಿ ಎಲ್ಲ ಒದಗಿಸುವ ಊರುಗಳಿಗೆ 'ಆರ್.ವಿ. ಸ್ನೇಹಿ ಊರು' ಎಂಬ ಬೋರ್ಡು ಕೊಡುತ್ತದೆ. ಆ ಬೋರ್ಡಿಗಾಗಿ ಊರಿನ ಪಂಚಾಯಿತಿಯವರು ಓಡಾಡುತ್ತಾರೆ.

ಮಲದ ತೊಟ್ಟಿ ಅಂದೆ. ಮೂಗು ಮುರಿಯಬೇಡಿ, ಎಲ್ಲ ನಿಂತಿರುವುದು ಅದರ ಮೇಲೇ. ಗಾಲಿಮನೆಯ ಪಾಯಿಖಾನೆಯ ಕೆಳಗೆ ಇಪ್ಪತ್ತು ಲೀಟರಿನಷ್ಟು ಹಿಡಿಯುವ ಡಬ್ಬವಿರುತ್ತದೆ. ತುಂಬಿದ ಮೇಲೆ ಅದನ್ನು ಎಳೆದುಕೊಂಡು ಹೋಗಿ ಊರಿನವರು ಕಟ್ಟಿಸಿದ ತೊಟ್ಟಿಗೆ ಸುರಿದು, ತೊಳೆದು ತರಬೇಕು. ವಾಸನೆಗೆ ರಾಸಾಯನಿಕ ಸಿಗುತ್ತದೆ. ಬಟ್ಟೆ ನೆನೆಸುವ ಪುಡಿಯನ್ನೇ ಹಾಕುವವರೂ ಬಹಳ. ಪಾತ್ರೆ ತೊಳೆದ ನೀರನ್ನೂ ಸಿಕ್ಕಲ್ಲಿ ಬಿಡುವಂತಿಲ್ಲ. ಎಷ್ಟೋ ಬಿಟ್ಟಿ ಜಾಗಗಳಲ್ಲಿ ಈ ಎರಡಕ್ಕೂ ಸ್ವಂತ ವ್ಯವಸ್ಥೆಯಿರುವ ಗಾಡಿಗಳಿಗೆ ಮಾತ್ರ ಪ್ರವೇಶ.

ನಾವು ತಂಗಿದ ಒಂದು ಊರಿನಲ್ಲಿ, ಹೆಸರು ಬೇಡ, ಬೆಳಿಗ್ಗೆ ಏಳಕ್ಕೇ ಎಪ್ಪತ್ತರ ಸಮೀಪದ ಹೆಂಗಸೊಬ್ಬರು ಬಕೆಟ್ಟು, ಬ್ರಷ್ಷು ಹಿಡಿದು ಸಾರ್ವಜನಿಕ ಪಾಯಿಖಾನೆ ತೊಳೆಯುತ್ತಿದ್ದರು. ಸಂಬಳವೆಷ್ಟು ಅಂತ ಕೇಳಿದೆ. ಸಂಬಳವಿಲ್ಲ, ಊರಿನ ಆರು ಮನೆಯವರು ಸರದಿಯಲ್ಲಿ ಮಾಡುತ್ತೇವೆ ಅಂದರು. ಬಿಟ್ಟಿ ಅಂತ ನಾವು ಹೇಳುವುದೆಲ್ಲ ಎಲ್ಲೋ ಒಬ್ಬರ ರಟ್ಟೆಯಿಂದ ಬಂದಿರುತ್ತದೆ ಅಂತ ಮನೆವಾರ್ತೆ ಮಾಡುವ ನಮಗೆ ಯಾರೂ ಹೇಳಬೇಕಿಲ್ಲ. "ಅಕ್ಕಾ, ಪೆಟ್ಟಿಗೆಗೆ ಹತ್ತು ಹಾಕಿದ್ದೀವಿ, ಇನ್ನೂ ಹತ್ತು ಹಾಕೋಣ್ವಾ?" ಅಂದಳು ತಂಗಿ. ಹಾಕಿದೆವು.

ಈ ಸರದಿಯವರಿಗೆ ಸಾಕಾಗಿಹೋದರೆ ಜಾಗ ಮುಚ್ಚುತ್ತದೆ. ಎಷ್ಟೋ ಕಡೆ ಮುಚ್ಚಿದ್ದೂ ಉಂಟು. ಪೊದೆ ಹಿಂದೆ ಕಾಗದ ಎಸೆಯುವವರು, ತೊಟ್ಟಿ ಬಿಟ್ಟು ಚರಂಡಿಗೆ ಸುರಿಯುವವರು, 48 ಗಂಟೆಯ ಬೋರ್ಡಿನ ಕೆಳಗೇ ಮೂರು ವಾರ ಬೀಡುಬಿಡುವವರು ಇದ್ದೇ ಇರುತ್ತಾರೆ. ಇನ್ನೊಂದು ಕಡೆ ಖಾಸಗಿ ಪಾರ್ಕಿನವರ ದೂರು. ನಾವು ತೆರಿಗೆ ಕಟ್ಟಿ, ಬಿಸಿನೀರು, ಕರೆಂಟು ಕೊಟ್ಟು, ಆಳಿಗೆ ಸಂಬಳ ಕೊಟ್ಟು ನಡೆಸುತ್ತಿರುವಾಗ, ಪಂಚಾಯಿತಿ ನಮ್ಮ ದುಡ್ಡಿನಿಂದಲೇ ಪಕ್ಕದಲ್ಲಿ ಬಿಟ್ಟಿ ಜಾಗ ತೆರೆದರೆ ನಾವು ಬದುಕುವುದು ಹೇಗೆ ಅಂತ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಥ ಪಾರ್ಕುಗಳು ಅನೇಕ ಕಡೆ ಗಂಡ ಹೆಂಡತಿ ಇಬ್ಬರೇ ದುಡಿಯುವ ಸಣ್ಣ ವ್ಯಾಪಾರ. ಆದರೂ ನನಗನ್ನಿಸುವುದು, ಸ್ನಾನಕ್ಕೆ ಬಿಸಿನೀರು, ಬಟ್ಟೆ ಒಗೆಯುವ ಮೆಷಿನ್ನು ಬೇಕಾದ ದಿನ ಜನ ಪಾರ್ಕಿಗೆ ಹೋಗಿಯೇ ಹೋಗುತ್ತಾರೆ. ನಾವೂ ಒಂಬತ್ತರಲ್ಲಿ ಎರಡು ರಾತ್ರಿ ಹೋದೆವು.

ಸಂಜೆ ಐದರ ಹೊತ್ತಿಗೆ ಎಲ್ಲರೂ ಮಡಿಸುವ ಕುರ್ಚಿ ತಂದು ಹೊರಗೆ ದುಂಡಗೆ ಕೂರುವುದು ಅಲ್ಲಿನ ಪದ್ಧತಿ. ಹೆಚ್ಚಿನವರು ನಿವೃತ್ತರು. ಬಿಳಿಗೂದಲ ಅಲೆಮಾರಿಗಳು ಎಂಬರ್ಥದಲ್ಲಿ 'ಗ್ರೇ ನೋಮ್ಯಾಡ್ಸ್' ಅಂತ ಅವರಿಗೆ ಅಡ್ಡಹೆಸರು. ಚಳಿಗಾಲ ಬಂತೆಂದರೆ ಹಕ್ಕಿಗಳ ಹಾಗೆ ಬೆಚ್ಚಗಿನ ಉತ್ತರಕ್ಕೆ ಹೋಗುತ್ತಾರೆ. ನನ್ನ ಅವಲಕ್ಕಿ ಚೂಡಾ ಒಂದು ಸುತ್ತಿಗೇ ಖಾಲಿಯಾಯಿತು. ಪಕ್ಕದ ಗಾಡಿಯ ಹೆಂಗಸು ಒಬ್ಬರೇ ಬಂದಿದ್ದರು. ಮೂವತ್ತೈದು ವರ್ಷ ಗಾಡಿ ಓಡಿಸಿದ್ದು ಗಂಡ. ಅವರು ಹೋದ ಮೇಲೆ, ಅರವತ್ತಾರನೆಯ ವಯಸ್ಸಿನಲ್ಲಿ, ಖಾಲಿ ಮೈದಾನದಲ್ಲಿ ಡಬ್ಬಗಳನ್ನಿಟ್ಟುಕೊಂಡು ಕ್ಯಾರವಾನ್ ರಿವರ್ಸ್ ತೆಗೆಯುವುದನ್ನು ಕಲಿತರಂತೆ. ಗಂಡನಿಗೆ ದಾರಿಯಲ್ಲಿ ಎದೆನೋವು ಬಂದರೆ ಏನು ಮಾಡುತ್ತೀರಿ, ಈಗಲೇ ಕಲಿಯಿರಿ ಅಂತ ಉಳಿದ ಹೆಂಗಸರಿಗೆಲ್ಲ ಗದರಿಸುತ್ತಿದ್ದರು. ಮಾರನೆಯ ದಿನವೇ ನನ್ನ ತಂಗಿ ಸ್ಟಿಯರಿಂಗ್ ಹಿಡಿದಳು.

ಅದೇ ದುಂಡಿನಿಂದ ಸ್ವಲ್ಪ ದೂರ, ಹಳೆಯ ವ್ಯಾನಿನಲ್ಲಿ ಇನ್ನೊಬ್ಬ ಹೆಂಗಸು. ಅವರು ಪ್ರವಾಸಿಯಲ್ಲ. ಮನೆ ಬಾಡಿಗೆ ಏರಿತು, ಕಟ್ಟಲಾಗಲಿಲ್ಲ, ವ್ಯಾನೇ ಮನೆ. ಎರಡು ದಿನ ಇಲ್ಲಿ, ಎರಡು ದಿನ ಮುಂದಿನ ಊರಿನ ಬಿಟ್ಟಿ ಜಾಗದಲ್ಲಿ. ಅಲ್ಲಿನ 2011 ಮತ್ತು 2016ರ ಜನಗಣತಿಗಳ ನಡುವೆ 55 ದಾಟಿದ, ಸೂರಿಲ್ಲದ ಹೆಂಗಸರ ಸಂಖ್ಯೆ ಶೇಕಡಾ 31ರಷ್ಟು ಏರಿತು. ಕಾರಣ ಕೇಳಿದರೆ ನಮ್ಮ ಎದೆಗೇ ನಾಟುವಂಥದು. ಅಲ್ಲಿ ನಿವೃತ್ತಿಯ ನಿಧಿ ಕೂಡುವುದು ಸಂಬಳದ ಮೇಲೆ. ಮನೆಯಲ್ಲಿ ಕೂತು ಮಕ್ಕಳನ್ನು ಸಾಕಿದ ವರ್ಷಗಳಿಗೆ ಅದರಲ್ಲಿ ಜಾಗವಿಲ್ಲ. ಗಂಡ ತೀರಿಕೊಂಡರೆ, ಇಲ್ಲವೇ ಸಂಬಂಧ ಮುರಿದರೆ, ಕೈ ಬರಿದು. ಸರ್ಕಾರದ ವೃದ್ಧಾಪ್ಯ ಪಿಂಚಣಿ ಇದೆ, ಆದರೆ ಅದಕ್ಕೆ 67 ತುಂಬಬೇಕು. ಆ ಹೆಂಗಸಿಗೆ ಅರವತ್ತೊಂದು. ರಜೆ ಕಳೆಯುವವರಿಗೆ ಬಿಟ್ಟಿ ಜಾಗ ಮುಚ್ಚಿದರೆ ಮುಂದಿನ ಊರು, ಅವರಿಗೆ ಹಾಗಲ್ಲ.

ಮಗಳೋ ಮಗನೋ ಅಲ್ಲಿದ್ದು, ನೀವೂ ಹೋಗುವುದಾದರೆ ಕೆಲವು ಮಾತು. ದಕ್ಷಿಣದ ಊರುಗಳಿಗೆ ಮಾರ್ಚ್-ಏಪ್ರಿಲ್ ಹಿತ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್-ಜನವರಿಯಲ್ಲಿ, ಕಾಳ್ಗಿಚ್ಚಿನ ಭಯದಿಂದ ಹೊರಗೆ ಬೆಂಕಿ ಹಾಕುವುದನ್ನು ಪೂರ್ತಿ ನಿಷೇಧಿಸುವ ದಿನಗಳಿರುತ್ತವೆ. ಒಳನಾಡಿನ ರಾತ್ರಿ ನಿಮ್ಮೆಣಿಕೆಗಿಂತ ಚಳಿ, ಕಂಬಳಿ ಇರಲಿ. ಜಾಗ ಎಲ್ಲೆಲ್ಲಿದೆ ಅಂತ ಹೇಳುವ ಪುಸ್ತಕಗಳೂ, ಮೊಬೈಲಿನಲ್ಲಿ ವಿಕಿಕ್ಯಾಂಪ್ಸ್‌ನಂಥವೂ ಇವೆ. ಒಳನಾಡಿನಲ್ಲಿ ಸಿಗ್ನಲ್ ಸಿಗದು, ಮೊದಲೇ ಇಳಿಸಿಕೊಂಡಿರಬೇಕು.

ಮತ್ತೆ ತರಕಾರಿ! ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಣ್ಣು, ತರಕಾರಿ ಒಯ್ಯಲು ಎಷ್ಟೋ ಕಡೆ ಬಿಡುವುದಿಲ್ಲ. ಹಣ್ಣಿನ ನೊಣ, ಬೆಳೆರೋಗ ಹರಡೀತು ಅಂತ. ನಲ್ಲಾರ್ಬರ್ ದಾಟಿ ಪಶ್ಚಿಮಕ್ಕೆ ಹೋಗುವವರನ್ನು ಗಡಿಯಲ್ಲಿ ನಿಲ್ಲಿಸಿ ಫ್ರಿಜ್ಜು ತೆಗೆಸಿ ನೋಡುತ್ತಾರೆ. ಜೇನುತುಪ್ಪವನ್ನೂ ಬಿಡುವುದಿಲ್ಲ. ಪೂರ್ವಕ್ಕೆ ವಾಪಸು ಬರುವವರಿಗೆ ಸೆಡೂನ ಎಂಬ ಊರಿನಲ್ಲಿ ತಪಾಸಣೆ. ತೊಟ್ಟಿಗೆ ಹಾಕಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ಗಡಿಯ ಹಿಂದಿನ ಕೊನೆಯ ತಂಗುದಾಣದಲ್ಲಿ ಸಂಜೆಯಾಯಿತೆಂದರೆ ಸಾಲು ಗಾಡಿಗಳಲ್ಲೂ ಒಲೆ ಹೊತ್ತಿ, ಉಳಿದ ಕ್ಯಾರೆಟ್ಟು, ಆಲೂಗಡ್ಡೆ, ಕುಂಬಳ, ಎಲೆಕೋಸು ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತಿರುತ್ತದಂತೆ. ನಮ್ಮವರಾದರೆ ಅದಕ್ಕೆ ಒಂದು ಹಿಡಿ ಬೇಳೆ, ಎರಡು ಚಮಚ ಸಾರಿನ ಪುಡಿ ಹಾಕಿ, ಒಗ್ಗರಣೆ ಕೊಟ್ಟುಬಿಡಬಹುದು.