ನೀಲಿ ಬಣ್ಣ, ಚಳಿಜ್ವರದ ಮದ್ದು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಯಾರಿಗಾದರೂ ನಡುಕ ಹತ್ತಿ ಜ್ವರ ಏರಿದರೆ ಆರೋಗ್ಯ ಕಾರ್ಯಕರ್ತೆ ಬೆರಳು ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಸವರಿಕೊಂಡು ಹೋಗುತ್ತಾರೆ. ಆ ಹನಿಗೆ ಮುಂದೆ ದವಾಖಾನೆಯ ಲ್ಯಾಬಿನಲ್ಲಿ ಬಣ್ಣ ಹಚ್ಚುತ್ತಾರೆ. ದೇಶದ ಮಲೇರಿಯಾ ಲ್ಯಾಬುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಜೆಎಸ್‌ಬಿ ಬಣ್ಣ. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ಭಾರತೀಯ ವಿಜ್ಞಾನಿಗಳು 1944ರಲ್ಲಿ ರೂಪಿಸಿದ್ದು. ಅದರ ಒಂದು ದ್ರಾವಣದಲ್ಲಿ ಮೆಥಿಲಿನ್ ಬ್ಲೂ, ಇನ್ನೊಂದರಲ್ಲಿ ಇಯೋಸಿನ್ ಎಂಬ ಕೆಂಪು. ಸೂಕ್ಷ್ಮದರ್ಶಕದಡಿ ನೋಡಿದರೆ ಮಲೇರಿಯಾ ರೋಗಾಣುವಿನ ಮೈ ನೀಲಿಯಾಗಿ, ಒಳಗಿನ ಕೋಶಕೇಂದ್ರ ಕೆಂಪು ಚುಕ್ಕಿಯಾಗಿ ಎದ್ದು ಕಾಣುತ್ತದೆ.

ಈ ಮೆಥಿಲಿನ್ ಬ್ಲೂ ಹುಟ್ಟಿದ್ದು ದವಾಖಾನೆಗಾಗಿ ಅಲ್ಲ, ಜವಳಿಗಾಗಿ. 1876ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಹೈನ್ರಿಕ್ ಕಾರೊ ಅದನ್ನು ತಯಾರಿಸಿದ.

ಅದಕ್ಕೂ 20 ವರ್ಷ ಮೊದಲೇ ಬಣ್ಣಕ್ಕೂ ಮಲೇರಿಯಾಕ್ಕೂ ಗಂಟು ಬಿದ್ದಾಗಿತ್ತು, ಅದೂ ಅಕಸ್ಮಾತ್ತಾಗಿ. 1856ರಲ್ಲಿ ಲಂಡನ್ನಿನ 18ರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ಸಿಗುವ ರಾಸಾಯನಿಕ ಹಿಡಿದುಕೊಂಡು ಮಲೇರಿಯಾದ ಮದ್ದಾದ ಕ್ವಿನೈನ್ ಮಾಡಲು ಹೊರಟಿದ್ದ. ಕ್ವಿನೈನ್ ಆಗಲಿಲ್ಲ, ರೇಷ್ಮೆಗೆ ಗಟ್ಟಿಯಾಗಿ ಹಿಡಿಯುವ ನೇರಳೆ ಬಣ್ಣ ಬಂತು. ನರಗುಂದದ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ತಿರುಗಿಬಿದ್ದ 1858ರ ಹೊತ್ತಿಗೆ ಪರ್ಕಿನ್‌ನ ಕಾರ್ಖಾನೆ ಶುರುವಾಗಿಬಿಟ್ಟಿತ್ತು. ಜ್ವರಕ್ಕೆ ಸಿಪಾಯಿಗಳನ್ನು ಕಳೆದುಕೊಳ್ಳುತ್ತಿದ್ದ ಸಾಮ್ರಾಜ್ಯಕ್ಕೆ ಬೇಕಿದ್ದ ಮದ್ದು ಮಾತ್ರ ಸಿಂಕೋನಾ ಮರದ ತೊಗಟೆಯಲ್ಲೇ ಉಳಿಯಿತು. 1860ರ ದಶಕದಲ್ಲಿ ಆ ಮರವನ್ನು ತಂದು ನೀಲಗಿರಿಯಲ್ಲಿ ನೆಟ್ಟರು. ಗಜೇಂದ್ರಗಡದ ಕೈಮಗ್ಗಗಳ ನೂಲಿಗೂ ಮುಂದೆ ಪರ್ಕಿನ್ ಮಾಡಿದಂಥ ಕಾರ್ಖಾನೆ ಬಣ್ಣಗಳೇ ಬಂದವು.

ಬಣ್ಣ ಮದ್ದಾಗಬಹುದೆಂದು ಹೊಳೆದದ್ದು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್‌ಗೆ. ಒಂದೊಂದು ಬಣ್ಣ ಒಂದೊಂದು ಬಗೆಯ ಜೀವಕೋಶಕ್ಕೇ ಅಂಟುತ್ತದೆ. ಹತ್ತಿಗೆ ಹಿಡಿದ ಬಣ್ಣ ಉಣ್ಣೆಗೆ ಹಿಡಿಯಬೇಕೆಂದೇನಿಲ್ಲ, ಇದು ಯಾವ ಬಣ್ಣಗಾರನಿಗೂ ಗೊತ್ತಿರುವ ಸಂಗತಿ. ರೋಗಾಣುವಿಗೆ ಹಿಡಿದು ಮನುಷ್ಯನ ಮೈಗೆ ಹಿಡಿಯದ ಬಣ್ಣ ಸಿಕ್ಕರೆ ಅದರಿಂದಲೇ ರೋಗಾಣುವನ್ನು ಕೊಲ್ಲಬಹುದಲ್ಲ? 1891ರಲ್ಲಿ ಎರ್ಲಿಕ್ ಮತ್ತು ಪಾಲ್ ಗುಟ್‌ಮನ್ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಮೆಥಿಲಿನ್ ಬ್ಲೂ ಕೊಟ್ಟರು. ಇಬ್ಬರೂ ಗುಣವಾದರು. ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕವೊಂದು ಮಲೇರಿಯಾಕ್ಕೆ ಮದ್ದಾದದ್ದು ಅದೇ ಮೊದಲು.

ಆ ಬಣ್ಣದ ರಚನೆಯನ್ನೇ ತಿದ್ದುತ್ತ ಹೋದ ಬಾಯರ್ ಕಂಪನಿಯ ರಸಾಯನವಿಜ್ಞಾನಿಗಳು 1920ರ ದಶಕದಲ್ಲಿ ಪಾಮಾಕ್ವಿನ್ ಮಾಡಿದರು, 1930ರ ದಶಕದ ಆರಂಭದಲ್ಲಿ ಹಳದಿ ಬಣ್ಣದ ಮೆಪಾಕ್ರಿನ್. ಎರಡನೇ ಮಹಾಯುದ್ಧದಲ್ಲಿ ಸಿಂಕೋನಾ ತೋಟಗಳಿದ್ದ ಜಾವಾವನ್ನು ಜಪಾನ್ ಹಿಡಿದು ಕ್ವಿನೈನ್ ದಾರಿ ಮುಚ್ಚಿದಾಗ ಮಿತ್ರಪಡೆಯ ಸೈನಿಕರು ಮೆಪಾಕ್ರಿನ್ ನುಂಗಿದರು, ಚರ್ಮವೆಲ್ಲ ಹಳದಿಯಾಯಿತು. ಇದೇ ವಂಶದಲ್ಲಿ 1934ರಲ್ಲಿ ಬಂದದ್ದು ಕ್ಲೋರೊಕ್ವಿನ್. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಮರುಕಳಿಸದಂತೆ ಇಂದಿಗೂ ನಮ್ಮ ಸರಕಾರಿ ದವಾಖಾನೆಗಳಲ್ಲಿ 14 ದಿನ ಕೊಡುವ ಪ್ರಿಮಾಕ್ವಿನ್ ಗುಳಿಗೆ ಪಾಮಾಕ್ವಿನ್‌ನ ನೇರ ಕುಡಿ.

ಕ್ಲೋರೊಕ್ವಿನ್‌ಗೆ ಬಗ್ಗದ, ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾ ರೋಗಾಣು 1973ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡಿತು. ಈಗ ಆಫ್ರಿಕಾ, ಆಗ್ನೇಯ ಏಷ್ಯಾಗಳಲ್ಲಿ ಇಂದಿನ ಮುಖ್ಯ ಮಲೇರಿಯಾ ಔಷಧಿಯಾದ ಆರ್ಟಿಮಿಸಿನಿನ್ ಕೂಡ ಮೊದಲಿನಷ್ಟು ಚುರುಕಾಗಿಲ್ಲ. ಹಾಗಾಗಿ ವಿಜ್ಞಾನಿಗಳು ಮತ್ತೆ ಹಳೆಯ ಬಣ್ಣದ ಡಬ್ಬಿ ತೆರೆದಿದ್ದಾರೆ. ಮಾಲಿ ದೇಶದಲ್ಲಿ 80 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇರೆ ಮಲೇರಿಯಾ ಔಷಧಿಯ ಜೊತೆಗೆ ಮೆಥಿಲಿನ್ ಬ್ಲೂ ಪಡೆದವರಿಂದ ಎರಡೇ ದಿನದಲ್ಲಿ ಸೊಳ್ಳೆಗೆ ಸೋಂಕು ದಾಟುವುದು ನಿಂತಿತ್ತು. ರೋಗಿಯನ್ನಷ್ಟೇ ಅಲ್ಲ, ಊರನ್ನೂ ಕಾಯುವ ಗುಣ ಇದು. ತೊಂದರೆಗಳೂ ಇವೆ: ಮೂತ್ರ ನೀಲಿಯಾಗುತ್ತದೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯುವ ಭಯ. ಮೊದಲನೆಯದು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. ನೀಲಿ ಮೂತ್ರ ಕಂಡು ಗಾಬರಿಯಾದವರು ಗುಳಿಗೆಯನ್ನು ಅರ್ಧಕ್ಕೇ ಬಿಟ್ಟರೆ ಮದ್ದು ಎಷ್ಟು ಒಳ್ಳೆಯದಿದ್ದೇನು? ಜಪಾನಿನಲ್ಲಿ ಫೋಟೋ ಫಿಲ್ಮಿಗೆ ಬಳಸುವ ರೋಡಾಸಯನಿನ್ ಬಣ್ಣಗಳ ಮೇಲೂ, ಮೆಥಿಲಿನ್ ಬ್ಲೂಗೆ ರಚನೆಯಲ್ಲಿ ಹತ್ತಿರವಾದ ಎಸ್‌ಎಸ್‌ಜೆ-183 ಎಂಬ ಸಂಯುಕ್ತದ ಮೇಲೂ ಪ್ರಯೋಗಗಳು ನಡೆದಿವೆ.

ಕರ್ನಾಟಕದಲ್ಲಿ ಬಣ್ಣದಲ್ಲಿ ಮದ್ದು ಹುಡುಕುವ ಈ ದಾರಿ ಹಿಡಿದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಜಿ. ಪದ್ಮನಾಭನ್ ಮತ್ತು ಪಿ. ಎನ್. ರಂಗರಾಜನ್ ಅವರ ತಂಡ ಆರಿಸಿಕೊಂಡದ್ದು ಕೃತಕ ಬಣ್ಣವನ್ನಲ್ಲ, ಅರಿಶಿನದ ಹಳದಿಯಾದ ಕರ್ಕ್ಯುಮಿನ್ ಅನ್ನು. 2005ರಲ್ಲಿ ಅವರು ತೋರಿಸಿದಂತೆ, ಮಲೇರಿಯಾ ತಗುಲಿದ ಇಲಿಗಳಿಗೆ ಕರ್ಕ್ಯುಮಿನ್ ಉಣಿಸಿದಾಗ ರಕ್ತದಲ್ಲಿ ರೋಗಾಣುಗಳು ಗಣನೀಯವಾಗಿ ತಗ್ಗಿದವು. ಮುಂದೆ ಆರ್ಟಿಮಿಸಿನಿನ್ ಬಗೆಯ ಔಷಧಿಯ ಜೊತೆ ಕೊಟ್ಟಾಗ ಫಲ ಇನ್ನೂ ಚೆನ್ನಾಗಿತ್ತು. ಆದರೆ ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕಲ್ಲ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತಿ ಕಡಿಮೆ. ಅರಿಶಿನ ಹಾಲು ಕುಡಿದರೆ ಮಲೇರಿಯಾ ವಾಸಿಯಾಗುತ್ತದೆಂದು ಆ ಸಂಶೋಧಕರು ಎಲ್ಲೂ ಹೇಳಿಲ್ಲ.